ವಿಮಾನಯಾನಕ್ಕೆ ಮುನ್ನ ಉಸಿರಿನ ಲೆಕ್ಕ

ಹೊಟ್ಟೆಪಾಡಿಗಾಗಿ ಹುಟ್ಟೂರನ್ನು ಬಿಟ್ಟು ಈ ಮಹಾನಗರದಲ್ಲಿ ನೆಲೆಸಿರುವ ನಮ್ಮಂತಹ ಕನ್ನಡಿಗರ ಕುಟುಂಬಗಳಿಗೆ ಪ್ರಯಾಣವೆಂಬುದು ಬದುಕಿನ ಒಂದು ಅಂಗವೇ ಆಗಿದೆ. ಊರಿನ ದೇವರ ಉತ್ಸವ, ತಮ್ಮನ ಮಗನ ಉಪನಯನ, ತಂಗಿಯ ಮಗಳ ಮದುವೆ, ಕೊಲ್ಲಿ ರಾಷ್ಟ್ರದಲ್ಲಿರುವ ಮಗನ ಮನೆಯ ಬಾಣಂತನ, ಹೀಗೆ ಒಂದಿಲ್ಲೊಂದು ಕಾರಣಕ್ಕೆ ನಾವು ವರ್ಷಕ್ಕೆರಡು ಬಾರಿಯಾದರೂ ಪೆಟ್ಟಿಗೆ ಕಟ್ಟುತ್ತೇವೆ. ಹಿಂದೆ ಒಂದು ಹಗಲು ಒಂದು ರಾತ್ರಿ ಹಿಡಿಯುತ್ತಿದ್ದ ದಾರಿಯನ್ನು ವಿಮಾನವು ಒಂದೂವರೆ ಗಂಟೆಗೆ ಇಳಿಸಿದೆ. ಮನೆಯ ಹಿರಿಯರಿಗೆ ಮಂಡಿನೋವಿರುವುದರಿಂದ ರೈಲಿಗಿಂತ ವಿಮಾನವೇ ಹಿತವೆಂದು ನಾವೆಲ್ಲರೂ ಭಾವಿಸುತ್ತೇವೆ. ಮಂಡಿಯ ಮಟ್ಟಿಗೆ ಆ ಮಾತು ಸರಿ. ಆದರೆ ಶ್ವಾಸಕೋಶದ ಮಟ್ಟಿಗೆ ಸರಿಯೇ ಎಂದು ವಿಚಾರಿಸುವವರು ವಿರಳ.

ಪ್ರಸ್ತುತ ಲೇಖಕನು ವೈದ್ಯನಲ್ಲ. ವಾಣಿಜ್ಯಶಾಸ್ತ್ರವನ್ನು ಓದಿ ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ಪರಿಶೀಲಿಸುತ್ತಿರುವವನು. ಆದರೂ ಈ ವಿಷಯವನ್ನು ಕುರಿತು ಬರೆಯಲು ಕಾರಣವುಂಟು. ನಮ್ಮ ಮನೆಯಲ್ಲಿ ನಡೆದ ಒಂದು ಪ್ರಮಾದವು ನನ್ನನ್ನು ವೈದ್ಯರ ಬಳಿಗೂ ಪುಸ್ತಕಗಳ ಬಳಿಗೂ ಅಟ್ಟಿತು. ಅಲ್ಲಿ ಕಲಿತುದನ್ನು ನಮ್ಮ ಸಂಘದ ಬಂಧುಗಳೊಡನೆ ಹಂಚಿಕೊಳ್ಳುವುದಷ್ಟೇ ಈ ಲೇಖನದ ಉದ್ದೇಶ.

ನಡೆದದ್ದೇನು?

ನನ್ನ ತಾಯಿಯವರು ಜನ್ಮದಲ್ಲಿ ಬೀಡಿ ಸಿಗರೇಟು ಮುಟ್ಟಿದವರಲ್ಲ. ಆದರೆ ಊರಿನ ಮನೆಯ ಕಿಟಕಿಯಿಲ್ಲದ ಅಡಿಗೆಮನೆಯಲ್ಲಿ ನಾಲ್ಕು ದಶಕಗಳ ಕಾಲ ಸೌದೆಯ ಒಲೆಯನ್ನು ಊದಿದವರು. ಅರುವತ್ತು ದಾಟಿದ ಮೇಲೆ ಕೆಮ್ಮು, ಕಫ, ಮೆಟ್ಟಿಲು ಹತ್ತಿದರೆ ಏದುಸಿರು ಆರಂಭವಾಯಿತು. ಸಿಗರೇಟಿನ ಹೊಗೆಯಂತೆಯೇ ಒಲೆಯ ಹೊಗೆಯೂ ಶ್ವಾಸನಾಳಗಳನ್ನು ಕಿರಿದುಗೊಳಿಸಿ, ಶ್ವಾಸಕೋಶದ ಗಾಳಿಗೂಡುಗಳನ್ನು ಹಾಳುಮಾಡುತ್ತದೆಂದು ವೈದ್ಯರು ತಿಳಿಸಿದರು. ಈ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಗೆ ಸಿ.ಓ.ಪಿ.ಡಿ. ಎಂದು ಹೆಸರು. ಇನ್‌ಹೇಲರ್ ಔಷಧಿಯಿಂದ ಅವರು ತಕ್ಕಮಟ್ಟಿಗೆ ಸುಖವಾಗಿಯೇ ಇದ್ದರು.

ಬೆಂಗಳೂರಿನಲ್ಲಿ ತಮ್ಮನ ಮಗನ ಉಪನಯನ. ಹೊರಡುವ ದಿನ ಬೆಳಿಗ್ಗೆ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿ ನೋಡಿದೆವು. 2020-21ರ ಕೋವಿಡ್ ಪಿಡುಗಿನ ಕಾಲದಲ್ಲಿ ಮನೆಮನೆಗೂ ಬಂದು ಸೇರಿದ ಈ ಪುಟ್ಟ ಯಂತ್ರವು 94 ಎಂದು ತೋರಿಸಿತು. ನೂರಕ್ಕೆ ತೊಂಬತ್ತನಾಲ್ಕು ಅಂಕ ಬಂದರೆ ಯಾರು ತಾನೆ ಅಪಜಯವೆನ್ನುತ್ತಾರೆ? ನಿಲ್ದಾಣದ ಕೌಂಟರಿನಲ್ಲಿ ಗಾಲಿಕುರ್ಚಿ ಬೇಕೇ ಎಂದು ಕೇಳಿದಾಗ ತಾಯಿಯವರು ಬೇಡವೆಂದರು, ನಾನೂ ಸುಮ್ಮನಿದ್ದೆ. ವಿಮಾನವು ಮೇಲೇರಿ ಅರ್ಧ ಗಂಟೆಯಾದ ಮೇಲೆ ಅವರು ಶೌಚಾಲಯಕ್ಕೆ ಹೋಗಿ ಮರಳಿ ಬರುವಾಗ ಆಸನದ ಬೆನ್ನನ್ನು ಹಿಡಿದು ನಿಂತುಬಿಟ್ಟರು. ತುಟಿ, ಉಗುರು ನೀಲಿಗಟ್ಟಿದ್ದವು. ಏನಾಯಿತೆಂದು ಕೇಳಿದರೆ, "ಏನಿಲ್ಲ, ಒಲೆ ಆರಿಸಿ ಬರುತ್ತೇನೆ" ಎಂದರು. ಪರಿಚಾರಿಕೆಯರು ಓಡಿಬಂದು ವಿಮಾನದಲ್ಲಿದ್ದ ಆಮ್ಲಜನಕದ ಸಿಲಿಂಡರನ್ನು ಹಚ್ಚಿದರು. ಹತ್ತು ನಿಮಿಷಗಳಲ್ಲಿ ಬಣ್ಣ ಮರಳಿತು, ಮಾತು ಸರಿಹೋಯಿತು. ಆ ಹತ್ತು ನಿಮಿಷಗಳನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ. ತಪ್ಪು ವಿಮಾನದವರದಲ್ಲ, ಸಂಪೂರ್ಣವಾಗಿ ನಮ್ಮದೇ.

ವಿಮಾನದೊಳಗಿನ ಗಾಳಿ

ಈಗ ಕಾರಣವನ್ನು ವಿಚಾರಿಸೋಣ. ಪ್ರಯಾಣಿಕ ವಿಮಾನಗಳು ಸಾಮಾನ್ಯವಾಗಿ 30,000ದಿಂದ 40,000 ಅಡಿ ಎತ್ತರದಲ್ಲಿ ಹಾರುತ್ತವೆ. ಅಲ್ಲಿನ ತೆಳುಗಾಳಿಯಲ್ಲಿ ಮನುಷ್ಯನು ಬದುಕಲಾರನಾದುದರಿಂದ ವಿಮಾನದೊಳಕ್ಕೆ ಗಾಳಿಯನ್ನು ಒತ್ತಿ ತುಂಬುತ್ತಾರೆ. ಆದರೆ ಸಮುದ್ರಮಟ್ಟದಷ್ಟು ಒತ್ತಡವನ್ನು ಕಾಯ್ದುಕೊಳ್ಳಬೇಕಾದರೆ ವಿಮಾನದ ಕವಚವು ಬಹಳ ಭಾರವಾಗಬೇಕಾಗುತ್ತದೆ. ಆದುದರಿಂದ ಒಳಗಿನ ಗಾಳಿಯು 8,000 ಅಡಿ, ಅಂದರೆ ಸುಮಾರು 2,440 ಮೀಟರ್ ಎತ್ತರದ ಗಾಳಿಗಿಂತ ತೆಳುವಾಗಬಾರದೆಂಬ ಮಿತಿಯನ್ನು ನಿಯಮಗಳು ಹಾಕಿವೆ. ಬೋಯಿಂಗ್ 787, ಏರ್‌ಬಸ್ ಎ350ರಂತಹ ಹೊಸ ವಿಮಾನಗಳಲ್ಲಿ ಇದನ್ನು ಸುಮಾರು 6,000 ಅಡಿಗೆ ಇಳಿಸಲಾಗಿದೆ.

ನಮಗೆ ತಿಳಿದ ಸ್ಥಳಗಳಿಂದ ಇದನ್ನು ಅಳೆಯೋಣ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಉದಕಮಂಡಲದ ಎತ್ತರ 2,240 ಮೀಟರ್. ಅದರ ಪಕ್ಕದ ದೊಡ್ಡಬೆಟ್ಟದ್ದು 2,637 ಮೀಟರ್. ಹೀಗಾಗಿ ಸಮುದ್ರದಂಚಿನ ಮುಂಬಯಿಯಲ್ಲಿ ವಿಮಾನ ಹತ್ತಿದ ವೃದ್ಧರನ್ನು ಅರ್ಧ ಗಂಟೆಯೊಳಗೆ ಊಟಿಗಿಂತಲೂ ಎತ್ತರದ ಬೆಟ್ಟದ ಮೇಲೆ ತಂದು ಕೂರಿಸಿದಂತಾಗಬಹುದು. ಊಟಿಗೆ ಘಾಟಿ ಹತ್ತುವಾಗ ಕಿಟಕಿಯಿಂದ ಕಣಿವೆಯಾದರೂ ಕಾಣಿಸುತ್ತದೆ. ವಿಮಾನದಲ್ಲಿ ಆ ಎತ್ತರದ ಅರಿವೇ ಆಗುವುದಿಲ್ಲ.

ಎತ್ತರದಲ್ಲಿ ಆಮ್ಲಜನಕದ ಶೇಕಡಾವಾರು ಪ್ರಮಾಣ ಇಳಿಯುತ್ತದೆಂಬ ತಪ್ಪು ಕಲ್ಪನೆ ಹಲವರಲ್ಲಿದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲೆಡೆಯೂ ಸುಮಾರು ಶೇಕಡಾ 21. ಇಳಿಯುವುದು ಗಾಳಿಯ ಒಟ್ಟು ಒತ್ತಡ. ಸಮುದ್ರಮಟ್ಟದಲ್ಲಿ ಪಾದರಸದ 760 ಮಿಲಿಮೀಟರ್ ಇರುವ ಒತ್ತಡ 8,000 ಅಡಿಯಲ್ಲಿ ಸುಮಾರು 565ಕ್ಕೆ ಇಳಿಯುತ್ತದೆ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಬಡ್ಡಿಯ ದರ ಅದೇ. ಅಸಲು ಮಾತ್ರ ಮುಕ್ಕಾಲು ಪಾಲಾಗಿದೆ. ಆಗ ಕೈಗೆ ಬರುವ ಬಡ್ಡಿಯೂ ಮುಕ್ಕಾಲೇ. ಸಮುದ್ರಮಟ್ಟದಲ್ಲಿ ಕುಳಿತು ಶೇಕಡಾ 15ರಷ್ಟು ಮಾತ್ರ ಆಮ್ಲಜನಕವಿರುವ ಗಾಳಿಯನ್ನು ಉಸಿರಾಡುವುದಕ್ಕೆ ಇದು ಸಮ.

ತೊಂಬತ್ತನಾಲ್ಕು ಏಕೆ ಸಾಲದು?

ಇದೇ ಈ ಲೇಖನದ ಮುಖ್ಯ ವಿಷಯ. ಆಕ್ಸಿಮೀಟರ್ ತೋರಿಸುವುದು ರಕ್ತದ ಹಿಮೋಗ್ಲೋಬಿನ್ ಎಷ್ಟು ಭಾಗ ಆಮ್ಲಜನಕದಿಂದ ತುಂಬಿದೆ ಎಂಬುದನ್ನು. ರಕ್ತದಲ್ಲಿ ಆಮ್ಲಜನಕದ ಒತ್ತಡವು ಪಾದರಸದ 100 ಮಿಲಿಮೀಟರಿನಷ್ಟಿದ್ದಾಗ ಈ ಅಂಕಿ ಸುಮಾರು 97. ಒತ್ತಡವು 60ಕ್ಕೆ ಇಳಿದಾಗ ಅಂಕಿ 90. ಅಂದರೆ ನಲವತ್ತು ಮಿಲಿಮೀಟರ್ ಕಳೆದುಕೊಂಡರೂ ಅಂಕಿ ಏಳರಷ್ಟೇ ಇಳಿಯುತ್ತದೆ. ಅಲ್ಲಿಂದ ಮುಂದೆ ಸ್ಥಿತಿ ಬೇರೆ. ಒತ್ತಡ 50 ಆದರೆ ಅಂಕಿ ಸುಮಾರು 85. 40 ಆದರೆ 75. ಮೊದಲು ಸಮತಟ್ಟಾಗಿದ್ದ ದಾರಿ ಇಲ್ಲಿಂದ ಕಡಿದಾದ ಇಳಿಜಾರಾಗುತ್ತದೆ.

ಆರೋಗ್ಯವಂತನೊಬ್ಬನು 97ರೊಡನೆ ವಿಮಾನ ಹತ್ತಿದರೆ, ಅವನ ರಕ್ತದ ಆಮ್ಲಜನಕದ ಒತ್ತಡ ಮೂವತ್ತು ಮೂವತ್ತೈದು ಮಿಲಿಮೀಟರ್ ಇಳಿದರೂ ಅಂಕಿ 90ರ ಆಸುಪಾಸಿನಲ್ಲೇ ನಿಲ್ಲುತ್ತದೆ; ಅವನು ಪತ್ರಿಕೆ ಓದುತ್ತ ಕುಳಿತಿರುತ್ತಾನೆ. 94ರೊಡನೆ ಹತ್ತಿದ ರೋಗಿಯ ಒತ್ತಡ ಆಗಲೇ ಸುಮಾರು 70; ಅವನು ಇಳಿಜಾರಿನ ಅಂಚಿನಲ್ಲೇ ನಿಂತವನು. ಅಲ್ಲಿಂದ ಇಪ್ಪತ್ತು ಮಿಲಿಮೀಟರ್ ಇಳಿದರೂ 85ಕ್ಕೆ ಬೀಳುತ್ತಾನೆ. ನೆಲದ ಮೇಲೆ ಇಬ್ಬರ ನಡುವೆ ಇದ್ದ ವ್ಯತ್ಯಾಸ ಕೇವಲ ಮೂರು ಅಂಕ! 1989ರಲ್ಲಿ ಅಮೆರಿಕದ ಡಿಲಾರ್ಡ್ ಮತ್ತು ಸಂಗಡಿಗರು ತೀವ್ರ ಸಿ.ಓ.ಪಿ.ಡಿ. ಇದ್ದ 18 ಮಂದಿಯನ್ನು 8,000 ಅಡಿಯ ಒತ್ತಡಕ್ಕೆ ಸಮನಾದ ಕೊಠಡಿಯಲ್ಲಿ ಕೂರಿಸಿ ಪರೀಕ್ಷಿಸಿದಾಗ, ಅವರ ರಕ್ತದ ಆಮ್ಲಜನಕದ ಒತ್ತಡ ಸರಾಸರಿ 72ರಿಂದ 47ಕ್ಕೆ ಇಳಿಯಿತು. ಇದು ಕುಳಿತಿರುವಾಗಿನ ಲೆಕ್ಕ. ಎದ್ದು ನಾಲ್ಕು ಹೆಜ್ಜೆ ನಡೆದರೆ ಇನ್ನೂ ಇಳಿಯುತ್ತದೆ. ಆರೋಗ್ಯವಂತನ ದೇಹವು ಆಳವಾಗಿ, ಬೇಗಬೇಗನೆ ಉಸಿರಾಡಿ ಕೊರತೆಯನ್ನು ತುಂಬಿಕೊಳ್ಳಬಲ್ಲದು. ಕಿರಿದಾದ ಶ್ವಾಸನಾಳಗಳುಳ್ಳವರಿಗೆ ಆ ಸಾಮರ್ಥ್ಯವೂ ಕಡಿಮೆ.

ಸಾಲಗಾರನ ಖಾತೆಯಲ್ಲಿ ಇಂದು ಇರುವ ಶಿಲ್ಕನ್ನು ಮಾತ್ರ ನೋಡಿ ಸಾಲ ಕೊಟ್ಟ ಅಧಿಕಾರಿ ಕೆಟ್ಟಂತೆಯೇ. ವ್ಯಾಪಾರ ಕುಸಿದರೆ ಅವನು ತಡೆದುಕೊಳ್ಳಬಲ್ಲನೇ, ಅವನ ಮೀಸಲು ನಿಧಿ ಎಷ್ಟು ಎಂಬುದೇ ಪ್ರಶ್ನೆ. ಇಪ್ಪತ್ತು ವರ್ಷ ಪರರ ಮೀಸಲನ್ನು ಅಳೆದ ನಾನು ತಾಯಿಯ ಉಸಿರಿನ ಶಿಲ್ಕನ್ನು ಮಾತ್ರ ನೋಡಿ ಸಹಿ ಹಾಕಿದ್ದೆ.

ಕೊರತೆ ಏಕೆ ತಿಳಿಯುವುದಿಲ್ಲ?

ಆಮ್ಲಜನಕದ ಕೊರತೆಗೆ ಇನ್ನೊಂದು ಕೆಟ್ಟ ಗುಣವಿದೆ: ಅದು ಮೊದಲು ಕೆಡಿಸುವುದು ವಿವೇಚನೆಯನ್ನು. 1875ರ ಏಪ್ರಿಲ್ 15ರಂದು 'ಜೆನಿತ್' ಎಂಬ ಬೆಲೂನಿನಲ್ಲಿ ಮೂವರು ಫ್ರೆಂಚ್ ಸಾಹಸಿಗಳು ಪ್ಯಾರಿಸ್ಸಿನಿಂದ ಮೇಲೇರಿದರು. 8,000 ಮೀಟರಿನಾಚೆ ಹೋದ ಆ ಯಾನದಲ್ಲಿ ಕ್ರೋಸೆ-ಸ್ಪಿನೆಲಿ ಮತ್ತು ಸಿವೆಲ್ ಪ್ರಾಣ ಬಿಟ್ಟರು. ತಿಸಾಂದಿಯೆ ಒಬ್ಬನೇ ಬದುಕಿ ಬಂದನು. ಅವರ ಬಳಿ ಆಮ್ಲಜನಕದ ಚೀಲಗಳಿದ್ದವು. ಆದರೆ ಬೇಕೆನಿಸುವ ಹೊತ್ತಿಗೆ ಕೈ ಎತ್ತುವ ಶಕ್ತಿಯೇ ಉಳಿದಿರಲಿಲ್ಲ. ಆಗ ನೋವೇನೂ ಆಗಲಿಲ್ಲ, ಬದಲಿಗೆ ಒಂದು ಬಗೆಯ ಹರ್ಷವೇ ಉಂಟಾಯಿತೆಂದು ತಿಸಾಂದಿಯೆ ಬರೆದಿಟ್ಟಿದ್ದಾನೆ. ಅಷ್ಟು ಎತ್ತರಕ್ಕೂ ನಮ್ಮ ವಿಮಾನದ ಒಳಗಿನ ಗಾಳಿಗೂ ಹೋಲಿಕೆಯಿಲ್ಲವೆಂಬುದು ನಿಜ. ಆದರೆ ರೋಗಗ್ರಸ್ತ ಶ್ವಾಸಕೋಶವು ಅಲ್ಪ ಎತ್ತರದಲ್ಲೇ ಆ ಪಾಠವನ್ನು ಕಲಿಸಬಲ್ಲದು. ಪ್ರಯಾಣಿಕನು "ಏನಿಲ್ಲ" ಎನ್ನುವ ಮಾತನ್ನು ನೆಚ್ಚಿ ಕೂರಬಾರದು.

ಯೋಗ್ಯತೆಯನ್ನು ಅಳೆಯುವ ಕ್ರಮ

ಬ್ರಿಟಿಷ್ ಥೊರಾಸಿಕ್ ಸೊಸೈಟಿಯು ಈ ವಿಷಯದಲ್ಲಿ 2002ರಲ್ಲಿ ವೈದ್ಯರಿಗೆ ಸಲಹಾಸೂತ್ರಗಳನ್ನು ಪ್ರಕಟಿಸಿತು. ಆಗ ವಿಶ್ರಾಂತಿಯಲ್ಲಿ ಅಳೆದ ಅಂಕಿ 95ಕ್ಕಿಂತ ಹೆಚ್ಚಿದ್ದರೆ ಚಿಂತೆಯಿಲ್ಲ, 92ಕ್ಕಿಂತ ಕಡಿಮೆಯಾದರೆ ವಿಮಾನದಲ್ಲಿ ಆಮ್ಲಜನಕ ಬೇಕು, ನಡುವಿನವರಲ್ಲಿ ಅಪಾಯದ ಇತರ ಕಾರಣಗಳಿದ್ದರೆ ಪರೀಕ್ಷೆ ಬೇಕು ಎಂಬ ಸೂತ್ರವಿತ್ತು. ನೆಲದ ಮೇಲಿನ ಅಂಕಿಯೊಂದರಿಂದಲೇ ಆಕಾಶದಲ್ಲಿ ಏನಾದೀತೆಂದು ಹೇಳಲಾಗದೆಂಬ ಅಂಶವನ್ನು 2011ರ ಪರಿಷ್ಕರಣೆ ಒಪ್ಪಿಕೊಂಡಿತು. 2022ರಲ್ಲಿ ಮತ್ತೊಮ್ಮೆ ಪರಿಷ್ಕೃತ ಹೇಳಿಕೆ ಬಂದಿದೆ. ಈ ವಿಚಾರಗಳ ಸಾರವನ್ನು ಹೀಗೆ ಸಂಗ್ರಹಿಸಬಹುದು.

1. ಕಾಯಿಲೆಯು ಸ್ಥಿರವಾಗಿರಬೇಕು. ಶ್ವಾಸದ ತೊಂದರೆ ಉಲ್ಬಣಿಸಿ ಆಸ್ಪತ್ರೆಗೆ ಸೇರಿ ಬಿಡುಗಡೆಯಾಗಿ ಆರು ವಾರ ಕಳೆಯದವರು ವೈದ್ಯರ ವಿಶೇಷ ಪರಿಶೀಲನೆಯಿಲ್ಲದೆ ಹೊರಡಬಾರದು.

2. ವೈದ್ಯರು ಹಿಂದಿನ ಪ್ರಯಾಣಗಳ ಅನುಭವ, ಹೃದಯದ ಸ್ಥಿತಿ, ರಕ್ತಹೀನತೆ ಇವುಗಳನ್ನು ವಿಚಾರಿಸುತ್ತಾರೆ. ಸ್ಪೈರೋಮೀಟರ್ ಎಂಬ ಯಂತ್ರಕ್ಕೆ ಊದಿಸಿ, ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುತ್ತದೆಂದು ಅಳೆಯುತ್ತಾರೆ. ಅದು ನಿರೀಕ್ಷಿತ ಪ್ರಮಾಣದ ಶೇಕಡಾ 30ಕ್ಕಿಂತ ಕಡಿಮೆಯಿದ್ದರೆ ಕಾಯಿಲೆ ಅತಿ ತೀವ್ರವೆಂದು ಭಾವಿಸಿ ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ. ಹಿಂದೆ ವಿಮಾನದಲ್ಲಿ ತೊಂದರೆಯಾದವರಿಗೂ ಅದು ಅಗತ್ಯ.

3. ನಡಿಗೆಯ ಪರೀಕ್ಷೆ. ಸಮತಟ್ಟಾದ ನೆಲದಲ್ಲಿ 50 ಮೀಟರ್ ದೂರವನ್ನು ಏದುಸಿರಿಲ್ಲದೆ ನಡೆಯಬಲ್ಲರೇ ಎಂದು ನೋಡುವುದು ಬಹುಕಾಲದಿಂದ ಬಂದ ಸರಳ ಪದ್ಧತಿ. ಇದು ಒರಟು ಅಳತೆ. ಇದರಲ್ಲಿ ಸೋತವರು ಖಂಡಿತವಾಗಿ ವೈದ್ಯರನ್ನು ಕಾಣಬೇಕು. ಗೆದ್ದವರೆಲ್ಲರೂ ನಿಶ್ಚಿಂತರೆಂದು ಅರ್ಥವಲ್ಲ.

4. ಕೃತಕ ಎತ್ತರದ ಪರೀಕ್ಷೆ. 1984ರಲ್ಲಿ ಅಮೆರಿಕದ ಹೆನ್ರಿ ಗಾಂಗ್ ಮತ್ತು ಸಂಗಡಿಗರು ವರ್ಣಿಸಿದ ವಿಧಾನವಿದು. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಶೇಕಡಾ 15 ಆಮ್ಲಜನಕವಿರುವ ಗಾಳಿಯನ್ನು ಮುಖವಾಡದ ಮೂಲಕ ಸುಮಾರು 20 ನಿಮಿಷ ಕೊಟ್ಟು, ರಕ್ತದ ಆಮ್ಲಜನಕವನ್ನು ಗಮನಿಸುತ್ತಾರೆ. ಅಂಕಿ 85ಕ್ಕಿಂತ ಅಥವಾ ಒತ್ತಡ 50 ಮಿಲಿಮೀಟರಿಗಿಂತ ಕೆಳಗಿಳಿದರೆ ವಿಮಾನದಲ್ಲಿ ಆಮ್ಲಜನಕ ಬೇಕೆಂದು ತೀರ್ಮಾನ. ಸಾಮಾನ್ಯವಾಗಿ ನಿಮಿಷಕ್ಕೆ 2 ಲೀಟರ್. ಈ ಸೌಲಭ್ಯ ಎಲ್ಲ ಆಸ್ಪತ್ರೆಗಳಲ್ಲಿಲ್ಲ. ಶ್ವಾಸಕೋಶ ತಜ್ಞರಲ್ಲಿ ವಿಚಾರಿಸಬೇಕು.

ನನ್ನ ತಾಯಿಯವರನ್ನು ಈ ಪರೀಕ್ಷೆಗೆ ಒಳಪಡಿಸಿದಾಗ ಹನ್ನೆರಡನೆಯ ನಿಮಿಷಕ್ಕೆ ಅಂಕಿ 81 ಆಯಿತು. ಅಷ್ಟಾದರೂ ಅವರು, "ಹಿತವಾಗಿಯೇ ಇದೆ" ಎಂದು ಕೈಸನ್ನೆ ಮಾಡಿದರು. 2 ಲೀಟರ್ ಆಮ್ಲಜನಕ ಕೊಟ್ಟೊಡನೆ 91ಕ್ಕೆ ಏರಿತು. ವಿಮಾನದಲ್ಲಿ ನಾವು ಕಂಡ ರಹಸ್ಯವೆಲ್ಲ ಆ ಕುರ್ಚಿಯ ಮೇಲೆ ಬಯಲಾಯಿತು.

ಯಾರು ವಿಮಾನ ಹತ್ತಬಾರದು?

ಶ್ವಾಸಕೋಶದ ಸುತ್ತ ಗಾಳಿ ಸೇರಿ ಶ್ವಾಸಕೋಶ ಕುಸಿದಿರುವವರು, ಅಂದರೆ ನ್ಯೂಮೊಥೊರಾಕ್ಸ್ ಆದವರು, ಪ್ರಯಾಣ ಮಾಡಬಾರದು. ಒತ್ತಡ ಇಳಿದಂತೆ ಗಾಳಿ ಹಿಗ್ಗುತ್ತದೆ. 8,000 ಅಡಿಯಲ್ಲಿ ದೇಹದೊಳಗೆ ಸಿಕ್ಕಿಬಿದ್ದ ಗಾಳಿ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಹಿಗ್ಗಬಲ್ಲದು. ಗುಣವಾದುದನ್ನು ಎಕ್ಸ್-ರೇಯಿಂದ ಖಚಿತಪಡಿಸಿಕೊಂಡ ಮೇಲೂ ಕನಿಷ್ಠ 7 ದಿನ ಕಾಯಬೇಕು. ಸೋಂಕು ಹರಡುವ ಹಂತದ ಕ್ಷಯ ಉಳ್ಳವರು, ಕೆಮ್ಮಿನಲ್ಲಿ ಹೆಚ್ಚು ರಕ್ತ ಬೀಳುತ್ತಿರುವವರು, ನೆಲದ ಮೇಲೆಯೇ ನಿಮಿಷಕ್ಕೆ 4 ಲೀಟರಿಗಿಂತ ಹೆಚ್ಚು ಆಮ್ಲಜನಕ ಬೇಕಾಗಿರುವವರು ಇವರಿಗೂ ವಿಮಾನ ವರ್ಜ್ಯ. ಕ್ಷಯವನ್ನು ಮುಚ್ಚಿಟ್ಟು ಹತ್ತುವುದು ಪಕ್ಕದಲ್ಲಿ ಕುಳಿತವರಿಗೂ ಮಾಡುವ ಅನ್ಯಾಯ.

ಆಮ್ಲಜನಕದ ಏರ್ಪಾಡು

ಆಮ್ಲಜನಕ ಬೇಕೆಂದು ತಿಳಿದರೆ ಪ್ರಯಾಣ ಮುಗಿಯಿತೆಂದು ಎದೆಗುಂದಬೇಕಾಗಿಲ್ಲ. ಟಿಕೆಟ್ ಕೊಳ್ಳುವ ಮೊದಲೇ ವಿಮಾನ ಸಂಸ್ಥೆಯಲ್ಲಿ ವಿಚಾರಿಸಬೇಕು. ವೈದ್ಯರು ತುಂಬಿ ಸಹಿ ಮಾಡಬೇಕಾದ 'ಮೆಡಿಫ್' ಎಂಬ ನಮೂನೆಯಿದೆ. ಇದನ್ನು ಸಾಮಾನ್ಯವಾಗಿ ಪ್ರಯಾಣಕ್ಕೆ 48ರಿಂದ 72 ಗಂಟೆ ಮೊದಲು ತಲುಪಿಸಬೇಕಾಗುತ್ತದೆ. ಸಂಸ್ಥೆಯಿಂದ ಸಂಸ್ಥೆಗೆ ನಿಯಮ, ಶುಲ್ಕ ಬೇರೆಬೇರೆ. ಮನೆಯ ಸಿಲಿಂಡರನ್ನು ಹೊತ್ತು ತರಲು ಬಹುತೇಕ ಸಂಸ್ಥೆಗಳು ಬಿಡುವುದಿಲ್ಲ. ಗಾಳಿಯಿಂದಲೇ ಆಮ್ಲಜನಕವನ್ನು ಬೇರ್ಪಡಿಸುವ, ಕೈಯಲ್ಲಿ ಒಯ್ಯಬಹುದಾದ ಕಾನ್ಸೆಂಟ್ರೇಟರ್ ಯಂತ್ರಗಳಲ್ಲಿ ಅಂಗೀಕೃತವಾದವುಗಳಿಗೆ ಅನುಮತಿಯುಂಟು. ಅದರ ಬ್ಯಾಟರಿಯು ಹಾರಾಟದ ಅವಧಿಯ ಒಂದೂವರೆಪಟ್ಟು ಬರುವಂತಿರಬೇಕೆಂಬುದು ಸಾಮಾನ್ಯ ನಿಯಮ. ಮೂರು ಗಂಟೆಯ ಹಾರಾಟಕ್ಕೆ ನಾಲ್ಕೂವರೆ ಗಂಟೆ ಬೇಕು. ನಿಲ್ದಾಣದಲ್ಲಿ ಕಾಯುವ ಹೊತ್ತನ್ನು ಬೇರೆ ಸೇರಿಸಿಕೊಳ್ಳಿ.

ಎರಡು ಎಚ್ಚರಿಕೆಗಳು. ತಲೆಯ ಮೇಲಿನಿಂದ ಬೀಳುವ ಮುಖವಾಡಗಳು ವಿಮಾನದ ಒತ್ತಡ ಹಠಾತ್ತನೆ ಕಡಿಮೆಯಾದಾಗ ಕೆಲವೇ ನಿಮಿಷಗಳ ರಕ್ಷಣೆಗೆಂದು ಇರುವಂಥವು, ರೋಗಿಗಳಿಗಾಗಿ ಅಲ್ಲ. ಎರಡನೆಯದಾಗಿ, ಆಮ್ಲಜನಕವೂ ಔಷಧಿಯೇ. ಕೆಲವು ರೋಗಿಗಳಲ್ಲಿ ಅದು ಮಿತಿಮೀರಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ವೈದ್ಯರು ಬರೆದುಕೊಟ್ಟ ಪ್ರಮಾಣವನ್ನು ಸ್ವಂತ ಬುದ್ಧಿಯಿಂದ ಹೆಚ್ಚಿಸಬಾರದು.

ಪ್ರಯಾಣದ ದಿನ

ಇನ್‌ಹೇಲರ್ ಮತ್ತು ಔಷಧಿಗಳು ಕೈಚೀಲದಲ್ಲಿರಲಿ, ಕೆಳಗೆ ಹೋಗುವ ಪೆಟ್ಟಿಗೆಯಲ್ಲಲ್ಲ. ಗಾಲಿಕುರ್ಚಿಯನ್ನು ಕೇಳಿಕೊಳ್ಳಿ, ಮಹಾನಗರದ ನಿಲ್ದಾಣಗಳಲ್ಲಿ ನಡೆಯಬೇಕಾದ ದೂರವೇ ಉಸಿರನ್ನು ಸೋಲಿಸಬಲ್ಲದು. ಶೌಚಾಲಯಕ್ಕೆ ಹತ್ತಿರದ ಆಸನ ಪಡೆಯಿರಿ. ವಿಮಾನದ ಗಾಳಿ ಬಹಳ ಒಣಗಿರುವುದರಿಂದ ಆಗಾಗ ನೀರು ಕುಡಿಯುತ್ತಿರಿ. ಮದ್ಯ ಮತ್ತು ನಿದ್ರೆಯ ಮಾತ್ರೆ ಬೇಡ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಪಾದಗಳನ್ನು ಆಡಿಸುತ್ತಿರಿ. ಇಳಿಯುವ ಊರಿನ ಎತ್ತರವನ್ನೂ ನೋಡಿಕೊಳ್ಳಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಅದರಿಂದ ಹೆಚ್ಚು ಬಾಧೆಯಿಲ್ಲ. ಲೇಹ್ ವಿಮಾನ ನಿಲ್ದಾಣದ ಎತ್ತರವಾದರೋ 3,250 ಮೀಟರಿಗೂ ಮಿಗಿಲು. ಅಲ್ಲಿ ಇಳಿದ ಮೇಲೆ ಕಷ್ಟ ಮುಗಿಯುವುದಿಲ್ಲ, ಆರಂಭವಾಗುತ್ತದೆ.

ಕೊನೆಯ ಮಾತು

ಮರುವರ್ಷ ತಾಯಿಯವರು ಮಸ್ಕತ್ತಿನಲ್ಲಿರುವ ನನ್ನ ಕಿರಿಯ ತಮ್ಮನ ಮನೆಗೆ ಕಾನ್ಸೆಂಟ್ರೇಟರಿನ ನೆರವಿನಿಂದ ಹೋಗಿ ಬಂದರು. ಮೂಗಿಗೆ ನಳಿಕೆ ಹಾಕಿಕೊಂಡು ಜನರೆದುರು ಕೂರಲು ಅವರಿಗೆ ಮೊದಲು ಸಂಕೋಚವಾಯಿತು. ನಮ್ಮ ಹಿರಿಯರಿಗೆ ಕಾಯಿಲೆಯನ್ನು ಹೇಳಿಕೊಳ್ಳುವುದೆಂದರೆ ಮಕ್ಕಳಿಗೆ ಭಾರವಾದಂತೆ. "ನನ್ನಿಂದ ನಿಮ್ಮ ಪ್ರಯಾಣ ನಿಲ್ಲಬಾರದು" ಎಂದು ಉಸಿರನ್ನು ಬಿಗಿಹಿಡಿದು ನಡೆಯುವವರು ಅವರು. ಆದುದರಿಂದ ಕೇಳುವ ಹೊಣೆ ನಮ್ಮದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ಹಣಕ್ಕೆ ಮಾತ್ರ ಅನ್ವಯಿಸುತ್ತ ಬಂದಿದ್ದೇವೆ. ಉಸಿರಿಗೂ ಒಂದು ಹಾಸಿಗೆಯುಂಟು. ಅದು ಎಷ್ಟು ಉದ್ದವಿದೆಯೆಂದು ಅಳೆದು, ಸಾಲದಿದ್ದರೆ ಎರಡು ಲೀಟರಿನಷ್ಟು ಸೇರಿಸಿ ಹೊಲಿದುಕೊಳ್ಳುವ ಉಪಾಯವೂ ಇಂದು ಇದೆ. ಈ ಬಾರಿ ಊರಿನ ಟಿಕೆಟ್ ಕೊಳ್ಳುವ ಮುನ್ನ, ಮೆಟ್ಟಿಲು ಹತ್ತಿದಾಗ ಏದುಸಿರು ಬಿಡುವ ಹಿರಿಯರು ಮನೆಯಲ್ಲಿದ್ದರೆ, ದಯವಿಟ್ಟು ಮೊದಲು ಅವರ ವೈದ್ಯರನ್ನು ಕಾಣಿರಿ. ಸರ್ವರಿಗೂ ಪ್ರಯಾಣ ಸುಖಕರವಾಗಲಿ.